ಟ್ಯಾಂಕಿನ ಕ್ರೋಮು ಎಲ್ಲಿ ಹೋಯಿತು?

ಕಳೆದ ಜುಲೈ ತಿಂಗಳ ಒಂದು ಸಂಜೆ, ಮಳೆ ಸ್ವಲ್ಪ ಹೊಳವಾಗಿದ್ದ ಹೊತ್ತಿನಲ್ಲಿ, ಹಳೆಯ ವಿದ್ಯಾರ್ಥಿಗಳು ಮೂವರು ಮನೆಗೆ ಬಂದಿದ್ದರು. ಮೂವರೂ 1999ರ ಎಸ್ಸೆಸ್ಸೆಲ್ಸಿ ತಂಡದವರು. ಅವರಲ್ಲೊಬ್ಬನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಹಳೆಯ ಜಾವಾ, ಯೆಜ್ಡಿ ಮೋಟಾರುಸೈಕಲ್ಲುಗಳ ಹುಚ್ಚನ್ನು ಹಚ್ಚಿಕೊಂಡವನು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಈ ಗಾಡಿಗಳ ಅಭಿಮಾನಿಗಳು ತಮ್ಮ ತಮ್ಮ ಊರುಗಳಲ್ಲಿ ಒಟ್ಟು ಸೇರಿ 'ಜಾವಾ ದಿನ'ವನ್ನು ಆಚರಿಸುತ್ತಾರೆ ಎಂಬುದು ನನಗೆ ತಿಳಿದದ್ದೇ ಅವನಿಂದ. ಚಹಾ ಕುಡಿದಾದ ಮೇಲೆ ಅವನು ಎದ್ದು ಹೋಗಿ, ಜಗಲಿಯ ಬದಿಯ ಮಾಡಿನಡಿಯಲ್ಲಿ ನಿಂತಿದ್ದ ನನ್ನ ಜಾವಾವನ್ನು ಎರಡು ಸುತ್ತು ಬಂದ. ರಿಮ್ಮುಗಳನ್ನು ಮುಟ್ಟಿ ನೋಡಿದ. ಮಡ್ಗಾರ್ಡಿನ ಒಳಗೆ ಕೈಹಾಕಿ ತಡವಿದ. ಆಮೇಲೆ ಕೇಳಿದ:

"ಮಾಷ್ಟ್ರೇ, ಕಡಲ ಬದಿಯ ಗಾಡಿ, ಎಲ್ಲಿಯೂ ತುಕ್ಕಿಲ್ಲ. ಆದರೆ ಟ್ಯಾಂಕಿನ ಕ್ರೋಮು ಎಲ್ಲಿ ಹೋಯಿತು? ಎರಡೂ ಬದಿಗೆ ಬಣ್ಣ ಬಳಿದುಬಿಟ್ಟಿದ್ದೀರಲ್ಲ! ಜಾವಾದ ಚಂದವೇ ಅದು. ನನಗೆ ಕೊಡಿ, ಬೆಂಗಳೂರಿನಲ್ಲಿ ಮಾಡಿಸಿಕೊಂಡು ಬರುತ್ತೇನೆ."

"ಅದಕ್ಕೊಂದು ಕಥೆ ಇದೆ ಮಾರಾಯ, ನಿಧಾನವಾಗಿ ಬರೆಯುತ್ತೇನೆ" ಎಂದು ಅಂದು ಜಾರಿಕೊಂಡೆ. ಮಾತು ಕೊಟ್ಟ ಮೇಲೆ ಬರೆಯಬೇಕಲ್ಲ. ಕಥೆ ನನ್ನೊಬ್ಬನದಲ್ಲವಾದುದರಿಂದ ಸ್ವಲ್ಪ ದೂರದಿಂದಲೇ ಆರಂಭಿಸುತ್ತೇನೆ.

ಜಾವಾ ಎಂಬ ಹೆಸರು ಎರಡು ಹೆಸರುಗಳ ತುಣುಕುಗಳನ್ನು ಜೋಡಿಸಿ ಮಾಡಿದ್ದು. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಝೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರುಸೈಕಲ್ ತಯಾರಿಸುವ ಹಕ್ಕನ್ನು ಕೊಂಡುಕೊಂಡ. ಅವನ ಹೆಸರಿನ ಮೊದಲ ತುಣುಕೂ ವಾಂಡರರ್‌ನ ಮೊದಲ ತುಣುಕೂ ಸೇರಿ 'ಜಾವಾ' ಆಯಿತು. ನಮ್ಮ ನಾಡಿಗೆ ಅದು ಬಂದದ್ದು ಇರಾನಿ ಮನೆತನದ ಪಾರ್ಸಿ ಉದ್ಯಮಿಗಳ ಮೂಲಕ. ಮೈಸೂರಿನ ಯಾದವಗಿರಿಯಲ್ಲಿ 'ಐಡಿಯಲ್ ಜಾವಾ' ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹ ಅದಕ್ಕಿತ್ತು. 1973ರಿಂದ ಅಲ್ಲಿಯ ಗಾಡಿಗಳಿಗೆ 'ಯೆಜ್ಡಿ' ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 1983ರಲ್ಲಿ ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ ಸಂಜೆ ಆ ಬದಿಗೆ ತಿರುಗಾಡಲು ಹೋದರೆ, ಪಾಳಿ ಬಿಟ್ಟ ಕಾರ್ಮಿಕರು ಬುತ್ತಿಯ ಡಬ್ಬಿಗಳನ್ನು ಹಿಡಿದು ಗುಂಪುಗುಂಪಾಗಿ ಹೊರಬರುವುದನ್ನು ನೋಡುತ್ತಿದ್ದೆ. ಮುಂದೊಂದು ದಿನ ಆ ಗಾಡಿಯನ್ನು ಕೊಳ್ಳಬೇಕೆಂಬ ಆಸೆ ಹುಟ್ಟಿದ್ದು ಅಲ್ಲಿಯೇ.

ಆಸೆ ಕೈಗೂಡಿದ್ದು 1986ರಲ್ಲಿ. ಅಷ್ಟರಲ್ಲಿ ನಾನು ಕರಾವಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕನಾಗಿ ಸೇರಿ ಎರಡು ವರ್ಷವಾಗಿತ್ತು. ಮೈಸೂರಿನ ಒಬ್ಬ ವೈದ್ಯರು ತಮ್ಮ 1967ರ ಜಾವಾವನ್ನು ಮಾರುತ್ತಾರೆಂದು ಸ್ನೇಹಿತನಿಂದ ಕಾಗದ ಬಂತು. ಹೋಗಿ ನೋಡಿದೆ. ಹತ್ತೊಂಬತ್ತು ವರ್ಷದ ಗಾಡಿ! ಮರೂನು ಬಣ್ಣ, ಅದರ ಮೇಲೆ ತೆಳ್ಳನೆಯ ಬಂಗಾರದ ಗೆರೆ. ಟ್ಯಾಂಕಿನ ಎರಡೂ ಬದಿಗೆ ಕನ್ನಡಿಯಂಥ ಕ್ರೋಮು, ಅದರ ಮೇಲೆ ಮೊಣಕಾಲು ಒತ್ತಿ ಕೂರಲು ಕಪ್ಪು ರಬ್ಬರಿನ ಪಟ್ಟಿ. ಆ ಕ್ರೋಮಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಎಲ್ಲಿಯೂ ಒಂದು ಕಂದು ಚುಕ್ಕೆಯಿಲ್ಲ. ಕೊಟ್ಟದ್ದು ಆರು ಸಾವಿರ ರೂಪಾಯಿ. ಅದರಲ್ಲಿ ಎರಡು ಸಾವಿರ ಅಣ್ಣನಿಂದ ತಂದದ್ದು.

ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಆ ಕನ್ನಡಿಯಲ್ಲಿ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು ಕಾಣಿಸಿಕೊಂಡವು. ನಾಲ್ಕನೆಯ ಮಳೆಗಾಲ ಕಳೆದು ಮೊಣಕಾಲಿನ ರಬ್ಬರನ್ನು ಬಿಚ್ಚಿ ನೋಡಿದರೆ ಅದರಡಿಯ ಕ್ರೋಮು ಹಪ್ಪಳದಂತೆ ಎದ್ದು ಬಂತು.

ಹತ್ತೊಂಬತ್ತು ವರ್ಷ ಮೈಸೂರಿನಲ್ಲಿ ಏನೂ ಆಗದ ಗಾಡಿ ನಾಲ್ಕೇ ವರ್ಷದಲ್ಲಿ ನನ್ನ ಕೈಯಲ್ಲಿ ಹೀಗೇಕಾಯಿತು? ವಿಜ್ಞಾನ ಕಲಿಸುವವನಿಗೆ ಇದು ಅವಮಾನದ ಪ್ರಶ್ನೆಯಾಗಿತ್ತು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 800 ಮಿ.ಮೀ. ಆಸುಪಾಸು, ನಮ್ಮ ಉಡುಪಿ ಜಿಲ್ಲೆಯಲ್ಲಿ 4,000 ಮಿ.ಮೀ. ಆಸುಪಾಸು. ಆದರೆ ಮಳೆಯೊಂದೇ ಕಾರಣವಲ್ಲ. ನೀವೆಲ್ಲ ಹತ್ತನೆಯ ತರಗತಿಯಲ್ಲಿ ಬರೆದ ಉತ್ತರವನ್ನು ನೆನಪಿಸಿಕೊಳ್ಳಿ: ಕಬ್ಬಿಣ, ಆಮ್ಲಜನಕ, ನೀರು. ಈ ಮೂರೂ ಸೇರಿದಲ್ಲಿ ತುಕ್ಕು. ಕಬ್ಬಿಣದ ಮೈಮೇಲೆ ಒಂದೆಡೆ ಲೋಹವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಪಕ್ಕದ ಇನ್ನೊಂದೆಡೆ ಆಮ್ಲಜನಕವು ಅವನ್ನು ಸ್ವೀಕರಿಸುತ್ತದೆ. ಎರಡರ ನಡುವಿನ ಓಡಾಟಕ್ಕೆ ನೀರೇ ದಾರಿ. ಅಂದರೆ ತುಕ್ಕು ಹಿಡಿಯುತ್ತಿರುವ ಪ್ರತಿಯೊಂದು ಚುಕ್ಕೆಯೂ ಒಂದು ಪುಟ್ಟ ಬ್ಯಾಟರಿ. ಅದರ ನೀರಿನಲ್ಲಿ ಉಪ್ಪು ಸೇರಿತೋ, ಆ ದಾರಿ ಹೆದ್ದಾರಿಯಾಗುತ್ತದೆ.

ಕಡಲ ಗಾಳಿಯ ಉಪ್ಪಿನಲ್ಲಿ ಇನ್ನೊಂದು ಮರ್ಮವಿದೆ. ಶುದ್ಧ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡಾ 60ಕ್ಕಿಂತ ಕಡಿಮೆಯಿದ್ದರೆ ಉಕ್ಕಿಗೆ ತುಕ್ಕು ಹಿಡಿಯುವುದು ಬಲು ನಿಧಾನ. ಆದರೆ ಸಮುದ್ರದ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದು ಶೇಕಡಾ 35ರ ಆಸುಪಾಸಿನ ಆರ್ದ್ರತೆಯಲ್ಲಿಯೇ ಗಾಳಿಯ ತೇವವನ್ನು ಹೀರಿ ಒದ್ದೆಯಾಗುತ್ತದೆ. ಹೀಗಾಗಿ ಕೈಗೆ ಒಣಗಿದಂತೆ ತೋರುವ ನಮ್ಮ ಗಾಡಿಗಳು ನಿಜದಲ್ಲಿ ವರ್ಷದ ಬಹುಭಾಗ ಒದ್ದೆಯಾಗಿಯೇ ಇರುತ್ತವೆ! ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರೊಡೆಯುವುದನ್ನು ಕಂಡ ನಮ್ಮ ಅಮ್ಮಂದಿರಿಗೆ ಇದನ್ನು ವಿವರಿಸಬೇಕಾಗಿಯೇ ಇರಲಿಲ್ಲ.

ಲೋಹವನ್ನು ಇನ್ನೊಂದು ಲೋಹದಿಂದ ಕಾಪಾಡುವ ವಿದ್ಯೆಯೂ ಅವರಿಗೆ ಹೊಸತಲ್ಲ. ನನ್ನ ಬಾಲ್ಯದಲ್ಲಿ ವರ್ಷಕ್ಕೊಮ್ಮೆ ಕಲಾಯಿಯವನು ಬರುತ್ತಿದ್ದ. ಅಂಗಳದ ಮೂಲೆಯಲ್ಲಿ ಹೊಂಡ ತೋಡಿ, ತಿದಿ ಹೂಡಿ, ಇದ್ದಿಲ ಕೆಂಡದ ಮೇಲೆ ಹಿತ್ತಾಳೆಯ ಪಾತ್ರೆಯನ್ನು ಕಾಯಿಸುತ್ತಿದ್ದ. ನವಸಾಗರದ ಪುಡಿ ಹಾಕಿದೊಡನೆ ಬಿಳಿ ಹೊಗೆ ಮೇಲೇಳುತ್ತಿತ್ತು. ತವರದ ಕಡ್ಡಿಯನ್ನು ತಾಗಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಮೈ ಬೆಳ್ಳಿಯಾಗುತ್ತಿತ್ತು. ಹುಳಿ ಪದಾರ್ಥ ಹಿತ್ತಾಳೆಗೆ ತಾಗಿ ಕಿಲುಬು ಏಳದಿರಲೆಂದು ಈ ಏರ್ಪಾಡು. ಕಲಾಯಿ ಸವೆದ ಪಾತ್ರೆಯಲ್ಲಿ ಅಮ್ಮ ಸಾರು ಮಾಡುತ್ತಿರಲಿಲ್ಲ.

ಬೆಂಕಿಯ ಬದಲು ವಿದ್ಯುತ್ತಿನಿಂದ ಕಲಾಯಿ ಹಾಕುವ ವಿದ್ಯೆ ಹುಟ್ಟಿದ್ದು ಇಟಲಿಯಲ್ಲಿ. ವೋಲ್ಟಾ ತನ್ನ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ಐದೇ ವರ್ಷದಲ್ಲಿ, 1805ರಲ್ಲಿ, ಅವನ ಸ್ನೇಹಿತ ಬ್ರುನ್ಯಾಟೆಲ್ಲಿ ಅದೇ ಬ್ಯಾಟರಿಯಿಂದ ಬೆಳ್ಳಿಯ ಪದಕಗಳಿಗೆ ಚಿನ್ನದ ಲೇಪ ಕೊಟ್ಟ. 1840ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು ಇದನ್ನು ಹಕ್ಕುಪತ್ರ ಪಡೆದು ಉದ್ಯಮವಾಗಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಿಕ್ಕಲ್ ಲೇಪನ ಬಂತು. ಸೈಕಲ್ಲುಗಳ ಹ್ಯಾಂಡಲ್ಲು, ಆಮೇಲೆ ಮೋಟಾರುಸೈಕಲ್ಲುಗಳ ಟ್ಯಾಂಕು, ದೀಪ, ರಿಮ್ಮುಗಳೆಲ್ಲ ನಿಕ್ಕಲಿನಿಂದ ಹೊಳೆಯತೊಡಗಿದವು. ನಿಕ್ಕಲಿನದು ತುಸು ಹಳದಿ ಛಾಯೆಯ ಹೊಳಪು; ಉಜ್ಜದಿದ್ದರೆ ಮಂಕಾಗುತ್ತದೆ.

ಈ ಉಜ್ಜುವ ಕಷ್ಟವನ್ನು ತಪ್ಪಿಸಿದ್ದು ಕ್ರೋಮಿಯಂ. ಅದನ್ನು 1797ರಷ್ಟು ಹಿಂದೆಯೇ ಫ್ರಾನ್ಸಿನ ವಾಕ್ಲೆನ್ ಕಂಡುಹಿಡಿದಿದ್ದರೂ, ಲೇಪನದ ವಿಧಾನ ಕಾರ್ಖಾನೆಗಳ ಕೈಗೆ ಎಟುಕಿದ್ದು 1920ರ ದಶಕದ ಮಧ್ಯದಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಾಲಿನ್ ಫಿಂಕ್ ಮೊದಲಾದವರ ಪ್ರಯತ್ನದಿಂದ. ಆ ದಶಕ ಮುಗಿಯುವ ಹೊತ್ತಿಗೆ ಮೋಟಾರುಸೈಕಲ್ಲುಗಳಲ್ಲಿ ನಿಕ್ಕಲಿನ ಸ್ಥಾನಕ್ಕೆ ಕ್ರೋಮು ಬರತೊಡಗಿತ್ತು. ನೀಲಿ ಛಾಯೆಯ, ಗಟ್ಟಿಯಾದ, ಮಂಕಾಗದ ಹೊಳಪು. ಕ್ರೋಮಿಯಂ ಕೂಡ ಆಮ್ಲಜನಕದೊಡನೆ ಕೂಡುತ್ತದೆ. ಆದರೆ ಅದರ ಆಕ್ಸೈಡು ಕಬ್ಬಿಣದ ತುಕ್ಕಿನಂತೆ ಸಡಿಲವಾಗಿ ಉದುರದೆ, ಕಣ್ಣಿಗೆ ಕಾಣದ ಬಿಗಿಯಾದ ಪೊರೆಯಾಗಿ ಲೋಹಕ್ಕೆ ಅಂಟಿಕೊಂಡು ಅದನ್ನು ಕಾಯುತ್ತದೆ. ದೆಹಲಿಯ ಕಬ್ಬಿಣದ ಕಂಬ ಸುಮಾರು 1,600 ವರ್ಷ ಉಳಿದದ್ದಕ್ಕೂ ಇಂಥದೊಂದು ಪೊರೆಯೇ ಕಾರಣವೆಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ತೋರಿಸಿಕೊಟ್ಟರು. ಅಲ್ಲಿ ಪೊರೆ ಕಟ್ಟಿದ್ದು ಆ ಕಬ್ಬಿಣದಲ್ಲಿ ಹೆಚ್ಚಾಗಿದ್ದ ರಂಜಕ. ನಮ್ಮ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಎದುರು, ಆ ಘೋರ ಮಳೆಯಲ್ಲಿ ನಿಂತಿರುವ ಕಬ್ಬಿಣದ ಕಂಬವನ್ನು ಶಾಲೆಯ ಪ್ರವಾಸದಲ್ಲಿ ನಿಮ್ಮಲ್ಲಿ ಹಲವರಿಗೆ ತೋರಿಸಿದ್ದೇನೆ.

ಹಾಗಾದರೆ ನನ್ನ ಟ್ಯಾಂಕಿನ ಕ್ರೋಮು ಏಕೆ ಸೋತಿತು? ನಾವು ಕ್ರೋಮು ಎಂದು ಕರೆಯುವ ಲೇಪನದಲ್ಲಿ ಕ್ರೋಮಿಯಂ ಇರುವುದು ಹೆಸರಿಗೆ ಮಾತ್ರ. ಉಕ್ಕಿನ ಮೇಲೆ ಹಲವು ವೇಳೆ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಕ್ರೋಮಿಯಂ. ನಿಕ್ಕಲಿನ ಪದರ ಸಾಮಾನ್ಯವಾಗಿ 10ರಿಂದ 30 ಮೈಕ್ರಾನ್ ದಪ್ಪವಿದ್ದರೆ, ಕ್ರೋಮಿಯಂ ಪದರ ಮೈಕ್ರಾನಿನ ಮೂರನೆಯ ಒಂದು ಭಾಗದಷ್ಟು. ತಲೆಗೂದಲಿನ ದಪ್ಪದ ಇನ್ನೂರರಲ್ಲೊಂದು ಪಾಲು! ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ರಂಧ್ರಗಳೂ ಇರುತ್ತವೆ. ಉಕ್ಕನ್ನು ನಿಜವಾಗಿ ಕಾಯುವುದು ಕೆಳಗಿನ ನಿಕ್ಕಲ್. ಅದರಲ್ಲಿಯೂ ಒಂದು ಸೂಜಿರಂಧ್ರ ಬಿದ್ದು ಉಪ್ಪುನೀರು ಉಕ್ಕಿಗೆ ಮುಟ್ಟಿತೆಂದರೆ ಆಮೇಲೆ ಲೇಪನವೇ ವೈರಿಯಾಗುತ್ತದೆ. ನಿಕ್ಕಲು ಕಬ್ಬಿಣಕ್ಕಿಂತ ಕಡಿಮೆ ಕ್ರಿಯಾಶೀಲವಾದ ಲೋಹ. ಎರಡೂ ಒಂದೇ ನೀರಿನಲ್ಲಿ ನಿಂತಾಗ ಕರಗುವ ಪಾಳಿ ಕಬ್ಬಿಣದ್ದು. ಸುತ್ತಲಿನ ವಿಶಾಲವಾದ ಹೊಳಪೆಲ್ಲ ಸೇರಿ ಆ ಒಂದು ಚುಕ್ಕೆಯಿಂದಲೇ ಎಳೆಯುತ್ತದೆ. ಆದುದರಿಂದಲೇ ಕ್ರೋಮಿನ ಮೇಲೆ ತುಕ್ಕು ಚುಕ್ಕೆಯಾಗಿ, ಆಳವಾಗಿ ಕೊರೆಯುತ್ತದೆ.

ಇದಕ್ಕೆ ತೀರ ವಿರುದ್ಧವಾದ ಸ್ವಭಾವ ಸತುವಿನದು. ಸತುವು ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲವಾದುದರಿಂದ ಮೊದಲು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಗೀರು ಬಿದ್ದರೂ ಸುತ್ತಲಿನ ಸತುವು ಕಾಯುತ್ತಿರುತ್ತದೆ. ಈ ತತ್ತ್ವವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದವನು ಹಂಫ್ರಿ ಡೇವಿ, 1824ರಲ್ಲಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಉಪ್ಪುನೀರಿನಲ್ಲಿ ಸವೆಯುತ್ತಿತ್ತು. ಡೇವಿ ಅದಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದ. ತಾಮ್ರ ಸವೆಯುವುದು ನಿಂತಿತು. ಆದರೆ ಕರಗುತ್ತಿದ್ದ ತಾಮ್ರದ ವಿಷವೇ ಅಷ್ಟರವರೆಗೆ ಚಿಪ್ಪುಜೀವಿಗಳನ್ನೂ ಪಾಚಿಯನ್ನೂ ದೂರವಿಟ್ಟಿತ್ತು ಎಂಬುದು ಆಮೇಲೆ ಗೊತ್ತಾಯಿತು. ಸುರಕ್ಷಿತವಾದ ತಾಮ್ರಕ್ಕೆ ಅವೆಲ್ಲ ಅಂಟಿಕೊಂಡು ಹಡಗಿನ ವೇಗವೇ ಕುಂದಿತು. ನೌಕಾಪಡೆ ಆ ಏರ್ಪಾಡನ್ನು ಕೈಬಿಟ್ಟಿತು. ಡೇವಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಲೆಕ್ಕಕ್ಕೆ ಸೇರದ ಒಂದು ಬಾಬತ್ತು ಉಳಿದುಹೋಗಿತ್ತು. ಅದೇ ತತ್ತ್ವದಿಂದ 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಹಕ್ಕು ಪಡೆದ. ನಮ್ಮ ಬಾವಿಕಟ್ಟೆಯ ಜಿ.ಐ. ಕೊಡಪಾನ ಅದರ ಸಂತಾನ. ಕೊಡಪಾನದಲ್ಲಿ ಮುಖ ಕಾಣುವುದಿಲ್ಲ, ನಿಜ. ಆದರೆ ದಿನವೂ ನೀರಿನಲ್ಲಿ ಮುಳುಗಿ ಏಳುವ ಅದು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ನೋಡಿದ್ದೀರಲ್ಲ.

ಇನ್ನು ನನ್ನ ಕಥೆಗೆ ಬರುತ್ತೇನೆ. 1993ರ ಬೇಸಿಗೆ ರಜೆಯಲ್ಲಿ ಟ್ಯಾಂಕನ್ನು ಬಿಚ್ಚಿ, ಪೆಟ್ರೋಲು ಖಾಲಿ ಮಾಡಿ, ಗೋಣಿಚೀಲದಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆ. ಮೆಕ್ಯಾನಿಕ್ಕನೊಬ್ಬ ಹೇಳಿದ್ದ ವಿಳಾಸವನ್ನು ಹುಡುಕಿಕೊಂಡು ಹೋದರೆ, ಅದೊಂದು ತಗಡಿನ ಮಾಡಿನ ಸಣ್ಣ ಶೆಡ್ಡು. ಒಳಗೆ ಹೆಜ್ಜೆಯಿಟ್ಟೊಡನೆ ಮೂಗು ಉರಿಯಿತು. ಸಾಲಾಗಿ ತೊಟ್ಟಿಗಳು, ಕೊನೆಯ ತೊಟ್ಟಿಯಲ್ಲಿ ಕಡುಗೆಂಪು ದ್ರವ ನೊರೆಯೆದ್ದು ಕುದಿಯುವಂತೆ ಕಾಣುತ್ತಿತ್ತು. ಅದರ ಮುಂದೆ, ಹರಿದ ಕೈಚೀಲ ತೊಟ್ಟು, ತಂತಿಯಲ್ಲಿ ಕಟ್ಟಿದ ಸಾಮಾನುಗಳನ್ನು ಇಳಿಸಿ ಎತ್ತುತ್ತಿದ್ದ ಹುಡುಗ ತಿರುಗಿ ನೋಡಿ "ಮಾಷ್ಟ್ರೇ!" ಎಂದ.

ನನ್ನ 1988ರ ತಂಡದವನು. ಓದಿನಲ್ಲಿ ಮುಂದಿದ್ದ ಹುಡುಗ. ಮನೆಯ ಪರಿಸ್ಥಿತಿಯಿಂದಾಗಿ ಕಾಲೇಜಿಗೆ ಹೋಗದೆ ಬೆಂಗಳೂರಿಗೆ ಹೋದನೆಂದು ಕೇಳಿದ್ದೆ. ಅವನಿಗೆ ಹಿಡಿಸಲಾರದಷ್ಟು ಸಂತೋಷ. ಕೈಚೀಲ ಕಳಚಿ ಸ್ಟೂಲು ತಂದು ಕೂರಿಸಿದ. "ನೀವು ಕಲಿಸಿದ್ದೇ ಮಾಷ್ಟ್ರೇ ಇದು. ಆನೋಡು, ಕ್ಯಾಥೋಡು, ಎಲ್ಲ ನೆನಪುಂಟು. ಇಲ್ಲಿ ಬೇರೆ ಯಾರಿಗೂ ಅದು ಗೊತ್ತಿಲ್ಲ" ಎಂದು ಅಭಿಮಾನದಿಂದ ಹೇಳಿದ. ಹೇಳುವಾಗ ಅವನ ಕೈಗಳನ್ನು ನೋಡಿದೆ. ಬೆರಳುಗಳ ಗಂಟುಗಳಲ್ಲಿ, ಉಗುರಿನ ಬುಡದಲ್ಲಿ, ಗುಂಡಗೆ ತೂತು ಕೊರೆದಂಥ ಹುಣ್ಣುಗಳು. ಆಗಾಗ ಅಂಗಿಯ ತೋಳಿನಿಂದ ಮೂಗನ್ನು ಒತ್ತಿಕೊಳ್ಳುತ್ತಿದ್ದ. ಅದರಲ್ಲಿ ರಕ್ತದ ಕಲೆಯಿತ್ತು. ಕೇಳಿದರೆ, "ಈ ಕೆಲಸದಲ್ಲಿ ಎಲ್ಲರಿಗೂ ಹಾಗೆಯೇ. ಅಭ್ಯಾಸವಾಗುತ್ತದೆ" ಎಂದು ನಕ್ಕ.

ಪ್ರತಿವರ್ಷ ನಾನು ಕಪ್ಪುಹಲಗೆಯ ಮೇಲೆ ಬೀಕರು ಬರೆದು, ಎರಡು ಕಡ್ಡಿ ಇಳಿಬಿಟ್ಟು, ಬಾಣದ ಗುರುತು ಹಾಕಿ ವಿದ್ಯುಲ್ಲೇಪನವನ್ನು ಕಲಿಸಿದವನು. ಐದು ಅಂಕದ ಪ್ರಶ್ನೆ. ಚಿತ್ರಕ್ಕೆ ಎರಡು, ವಿವರಣೆಗೆ ಮೂರು. ಆ ಬೀಕರಿನಿಂದ ಮೇಲೇಳುವ ಹಬೆಯನ್ನು ಯಾರು ಉಸಿರಾಡುತ್ತಾರೆ ಎಂಬ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ, ನನಗೆ ಗೊತ್ತೂ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಕ್ರೋಮಿಯಂ ಲೇಪನದಲ್ಲಿ ವಿದ್ಯುತ್ತಿನ ಬಹುಪಾಲು ಲೋಹವನ್ನು ಕೂರಿಸುವುದಕ್ಕಲ್ಲ, ನೀರನ್ನು ಒಡೆದು ಅನಿಲ ಮಾಡುವುದಕ್ಕೆ ಖರ್ಚಾಗುತ್ತದೆ. ಆ ಗುಳ್ಳೆಗಳು ಮೇಲೆ ಬಂದು ಒಡೆಯುವಾಗ ಕ್ರೋಮಿಕ್ ಆಮ್ಲವನ್ನು ಮಂಜಿನಂತೆ ಗಾಳಿಗೆ ಎರಚುತ್ತವೆ. ಅದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಅದು ಚರ್ಮದಲ್ಲಿ ಹುಣ್ಣು ಕೊರೆಯುತ್ತದೆ. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ತೂತು ಮಾಡುತ್ತದೆ. ಇದು ಹೊಸ ಸುದ್ದಿಯೂ ಆಗಿರಲಿಲ್ಲ. ಕ್ರೋಮಿಯಂ ಲವಣಗಳ ಕಾರ್ಖಾನೆಗಳಲ್ಲಿ ದುಡಿಯುವವರ ಈ ಹುಣ್ಣುಗಳನ್ನು ಯುರೋಪಿನ ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ದಾಖಲಿಸಿದ್ದರು. ನಾನು ಆ ಶೆಡ್ಡಿಗೆ ಹೋಗುವ ಮೂರು ವರ್ಷ ಮೊದಲು, 1990ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿಯಾಗಿತ್ತು. ಬಲವಾಗಿ ಎಳೆಯುವ ಗಾಳಿಯಂತ್ರ, ಗಟ್ಟಿ ಕೈಚೀಲ, ಮೂಗಿನ ಕವಚ ಇದ್ದರೆ ತಪ್ಪಿಸಬಹುದಾದ ಕೇಡು. ಅಲ್ಲಿ ಒಂದು ಫ್ಯಾನೂ ಇರಲಿಲ್ಲ.

ಅಂದು ನಾನು ಮಾಡಿದ್ದೇನು? ಸುಳ್ಳು ಹೇಳಲಾರೆ. ಡಾಕ್ಟರಿಗೆ ತೋರಿಸು ಎಂದೆ. ಕೈಗೆ ನೂರು ರೂಪಾಯಿ ಕೊಟ್ಟೆ, ಅವನು ತೆಗೆದುಕೊಳ್ಳಲಿಲ್ಲ. ನಾಲ್ಕು ದಿನ ಬಿಟ್ಟು ಹೋಗಿ ಟ್ಯಾಂಕನ್ನು ತೆಗೆದುಕೊಂಡು ಬಂದೆ. ಮುಖ ಕಾಣುವಂತೆ ಹೊಳೆಯುತ್ತಿತ್ತು. "ನಿಮ್ಮ ಗಾಡಿ ಅಂತ ನಿಕ್ಕಲನ್ನು ಹೆಚ್ಚು ಹೊತ್ತು ಇಟ್ಟಿದ್ದೇನೆ, ಬೇಗ ಹೋಗುವುದಿಲ್ಲ" ಎಂದಿದ್ದ. ನಿಕ್ಕಲೇ ಕಾಯುವುದು ಎಂಬುದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅವನಿಗೆ ಗೊತ್ತಿತ್ತು.

ಊರಿಗೆ ಬಂದ ಮೇಲೆ ಓದಿ ತಿಳಿದದ್ದನ್ನೆಲ್ಲ ಎರಡು ಹಾಳೆ ಬರೆದು ಅವನಿಗೆ ಕಾಗದ ಹಾಕಿದೆ. ಆ ಕೆಲಸ ಬಿಡು ಎಂದೂ ಬರೆದೆ. ಬಿಟ್ಟು ಏನು ಮಾಡಲಿ ಎಂದು ಅವನು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಅವನು ಕೇಳಲಿಲ್ಲ. ಮತ್ತೂ ಎರಡು ವರ್ಷ ಅಲ್ಲಿಯೇ ದುಡಿದು, ಅಷ್ಟಿಷ್ಟು ಕೂಡಿಸಿ, ಊರಿಗೆ ಮರಳಿ ರಿಕ್ಷಾ ಓಡಿಸಿದ. ಈಗ ಮಕ್ಕಳು ದೊಡ್ಡವರಾಗಿದ್ದಾರೆ. ಕೈಯ ಹುಣ್ಣುಗಳು ಮಾಯ್ದು ಗುಂಡನೆಯ ಕಲೆಗಳಾಗಿವೆ. ಮೂಗಿನೊಳಗಿನ ತೂತು ಹಾಗೆಯೇ ಇದೆ. ಇದನ್ನು ಬರೆಯಲೇ ಎಂದು ಅವನನ್ನು ಕೇಳಿದೆ. "ಹೆಸರು ಬೇಡ ಮಾಷ್ಟ್ರೇ, ಉಳಿದದ್ದು ಬರೆಯಿರಿ. ಆ ಶೆಡ್ಡುಗಳಲ್ಲಿ ಈಗಲೂ ಹುಡುಗರಿದ್ದಾರೆ" ಎಂದ.

ಅವನು ಕೊಟ್ಟ ಹೊಳಪು ಹನ್ನೆರಡು ವರ್ಷ ಬಾಳಿತು. 2005ರಲ್ಲಿ ಮತ್ತೆ ಚುಕ್ಕೆಗಳು ಎದ್ದವು. ಈ ಸಲ ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಲು ಮನಸ್ಸು ಬರಲಿಲ್ಲ. ಎಮರಿ ಕಾಗದದಿಂದ ತುಕ್ಕನ್ನೂ ಸಡಿಲವಾದ ಲೇಪನವನ್ನೂ ಉಜ್ಜಿ ತೆಗೆದು, ತುಕ್ಕುನಿರೋಧಕ ಪ್ರೈಮರು ಹಾಕಿಸಿ, ಪೂರ್ತಿ ಟ್ಯಾಂಕಿಗೆ ಮರೂನು ಬಣ್ಣ ಹೊಡೆಸಿದೆ. ಕ್ರೋಮಿನ ಅಂಚು ಇದ್ದಲ್ಲಿ ಬಂಗಾರದ ಗೆರೆ ಮಾತ್ರ ಉಳಿಯಿತು. ಇದೇ, ಮಾರಾಯ, ಟ್ಯಾಂಕಿನ ಕ್ರೋಮು ಹೋದ ಕಥೆ.

ಇತಿಹಾಸದಲ್ಲಿ ಇದಕ್ಕೆ ಮೇಲ್ಪಂಕ್ತಿಯೂ ಇದೆಯೆಂದು ಆಮೇಲೆ ತಿಳಿದು ಸಮಾಧಾನವಾಯಿತು. 1950ರಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಶಸ್ತ್ರಾಸ್ತ್ರಗಳಿಗಾಗಿ ನಿಕ್ಕಲಿಗೆ ಎಲ್ಲಿಲ್ಲದ ಬೇಡಿಕೆ ಬಂದು, ಇಂಗ್ಲೆಂಡಿನ ಮೋಟಾರುಸೈಕಲ್ ಕಂಪನಿಗಳಿಗೆ ಲೇಪನಕ್ಕೆ ನಿಕ್ಕಲು ಸಿಗದಾಯಿತು. 1952ರ ಆಸುಪಾಸಿನ ಬಿ.ಎಸ್.ಎ. ಮೊದಲಾದ ಗಾಡಿಗಳು ಕ್ರೋಮಿನ ಜಾಗದಲ್ಲಿ ಬಣ್ಣ ಹೊಡೆಸಿಕೊಂಡು ಹೊರಬಂದವು. ಆ ಗಾಡಿಗಳನ್ನು ಇಂದು ಕೂಡಿಡುವವರು ಬಣ್ಣವನ್ನೇ ಅಸಲು ಎಂದು ಕಾಪಾಡುತ್ತಾರೆ. ಅಸಲು ಎನ್ನುವುದು ಕೂಡ ಆಯಾ ಕಾಲದಲ್ಲಿ ಏನು ಸಿಕ್ಕಿತೋ ಅದು!

ಕ್ರೋಮು ಕೂಡದೆಂದು ನಾನು ಹೇಳುತ್ತಿಲ್ಲ. ನನ್ನ ರಿಮ್ಮು, ಹ್ಯಾಂಡಲ್ಲು, ಸೈಲೆನ್ಸರುಗಳಲ್ಲಿ ಈಗಲೂ ಕ್ರೋಮು ಇದೆ. ವಿಷ ಕಡಿಮೆಯಿರುವ ಮೂರು ವೇಲೆನ್ಸಿಯ ಕ್ರೋಮಿಯಂ ಬಳಸಿ ಲೇಪಿಸುವ ವಿಧಾನವೂ 1970ರ ದಶಕದಿಂದ ಬಳಕೆಯಲ್ಲಿದೆ. ಮಾಡಿಸುವವರು ಒಮ್ಮೆ ಆ ಶೆಡ್ಡಿನ ಒಳಗೆ ಹೋಗಿ ನೋಡಿರಿ. ಯಾವ ದ್ರವ, ಫ್ಯಾನು ಇದೆಯೇ, ಹುಡುಗರ ಕೈ ಹೇಗಿದೆ ಎಂದು ವಿಚಾರಿಸಿರಿ. ಇದ್ದ ಕ್ರೋಮನ್ನು ಮತ್ತೆ ಮಾಡಿಸುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅದಕ್ಕಾಗಿ ನಾನು ಮಾಡುತ್ತ ಬಂದಿರುವುದನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಸಿಹಿನೀರು. ಕಡಲ ಬದಿಗೆ ಹೋಗಿ ಬಂದ ದಿನ ಬಾವಿಯ ನೀರಿನಿಂದ ಗಾಡಿಯನ್ನು ತೊಳೆಯುತ್ತೇನೆ. ಮಡ್ಗಾರ್ಡಿನ ಒಳಮೈ, ಕಡ್ಡಿಗಳು ರಿಮ್ಮಿಗೆ ಸೇರುವ ಜಾಗ, ಸೈಲೆನ್ಸರಿನ ಅಡಿ ಮುಖ್ಯ. ಉಪ್ಪನ್ನು ಒಣ ಬಟ್ಟೆಯಿಂದ ಉಜ್ಜಬಾರದು, ಗೀರು ಬೀಳುತ್ತದೆ. ತೊಳೆದ ಮೇಲೆ ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಒಂದು ಸುತ್ತು ಓಡಿಸಿ ಬಿಸಿಯಾಗಿಸಿದರೆ ಸಂದಿಗಳ ನೀರು ಆರುತ್ತದೆ.

ಎರಡನೆಯದು ಮೇಣ. ಬಣ್ಣಕ್ಕೂ ಕ್ರೋಮಿಗೂ ಮಳೆಗಾಲದ ಮೊದಲೊಮ್ಮೆ, ನಡುವೆ ಎರಡು ಬಾರಿ ಗಾಡಿಯ ಮೇಣ ಹಚ್ಚುತ್ತೇನೆ. ಕ್ರೋಮಿನ ಸೂಜಿರಂಧ್ರಗಳನ್ನು ಮುಚ್ಚಲು ಅದಕ್ಕಿಂತ ಸುಲಭದ ಉಪಾಯವಿಲ್ಲ. ಬ್ರೇಕಿಗೆ ಮಾತ್ರ ಮೇಣವಾಗಲಿ ಎಣ್ಣೆಯಾಗಲಿ ತಾಗಕೂಡದು. ಹಿತ್ತಾಳೆ ಪಾತ್ರೆಯಂತೆ ಹುಣಸೆಹುಳಿ ಹಾಕಿ ಕ್ರೋಮನ್ನು ತಿಕ್ಕಬೇಡಿ. ಹುಳಿಯು ರಂಧ್ರದೊಳಗೆ ಇಳಿದು ಉಕ್ಕನ್ನು ಕೊರೆಯುತ್ತದೆ. ಚುಕ್ಕೆ ಎದ್ದಿದ್ದರೆ ತಿಂಡಿ ಕಟ್ಟುವ ಅಲ್ಯುಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲನೆ ಉಜ್ಜಿರಿ. ಅಲ್ಯುಮಿನಿಯಂ ಕ್ರೋಮಿಗಿಂತ ಮೆದುವಾದುದರಿಂದ ಗೀರು ಬೀಳದೆ ತುಕ್ಕು ಮಾತ್ರ ಏಳುತ್ತದೆ. ಒಡನೆಯೇ ಒರೆಸಿ ಮೇಣ ಹಚ್ಚಿರಿ.

ಮೂರನೆಯದು ಗಾಳಿ. ಪ್ಲಾಸ್ಟಿಕ್ ಹೊದಿಕೆ ಹೊದಿಸಿ ಕಟ್ಟಿಟ್ಟರೆ ಒಳಗಿನ ತೇವ ಹೊರಹೋಗದೆ ಗಾಡಿ ಬೆವರುತ್ತದೆ. ಮಾಡಿನಡಿಯಲ್ಲಿ, ಗಾಳಿಯಾಡುವಂತೆ, ಹತ್ತಿಯ ಹಳೆಯ ಬೆಡ್‌ಶೀಟು ಹೊದಿಸಿ ಇಡುವುದು ಮೇಲು. ಮೊಣಕಾಲಿನ ರಬ್ಬರು, ಸೀಟಿನ ಅಡಿ ಮೊದಲಾದ ನೀರು ನಿಲ್ಲುವ ಸಂದಿಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಲೇಬೇಕು. ಬಣ್ಣ ಎದ್ದ ಜಾಗಕ್ಕೆ ಅಂದೇ ಒಂದು ಬೊಟ್ಟು ಬಣ್ಣ ಇಡಬೇಕು. ಬಿಟ್ಟರೆ ತುಕ್ಕು ಬಣ್ಣದಡಿಯಲ್ಲಿ ಗೆದ್ದಲಿನಂತೆ ಹರಿಯುತ್ತದೆ.

ನಾಲ್ಕನೆಯದು ಟ್ಯಾಂಕಿನ ಒಳಗು. ಅರ್ಧ ಖಾಲಿಯಿರುವ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣಿದು ನೀರಿಳಿಯುತ್ತದೆ. ಜಾವಾದ ಪೆಟ್ರೋಲಿಗೆ ಎಣ್ಣೆ ಬೆರೆಸುವುದರಿಂದ ಒಳಮೈಗೆ ಅಷ್ಟಿಷ್ಟು ರಕ್ಷಣೆ ಇದೆ. ಆದರೆ ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ನೀರನ್ನು ಹೀರುತ್ತದೆ. ಆದುದರಿಂದ ತಿಂಗಳುಗಟ್ಟಲೆ ಪೆಟ್ರೋಲು ತುಂಬಿಸಿ ನಿಲ್ಲಿಸಬೇಡಿ. ಓಡಿಸುತ್ತ ಹೊಸದನ್ನು ಹಾಕುತ್ತಿರಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಒಳಗೆ ಎಣ್ಣೆ ಸವರಿ ಇಡಿ.

ಇಷ್ಟೆಲ್ಲ ಮಾಡಲು ವಾರಕ್ಕೆ ಒಂದು ಗಂಟೆ ಸಾಕು. ನನ್ನ ಮಡದಿ ಇದನ್ನು 'ಭಾನುವಾರದ ಅಭಿಷೇಕ' ಎಂದು ಹಾಸ್ಯ ಮಾಡುವುದುಂಟು. ಆಗಾಗ ಆ ಹೊತ್ತಿಗೆ ರಿಕ್ಷಾವೊಂದು ಗೇಟಿನ ಹತ್ತಿರ ನಿಲ್ಲುತ್ತದೆ. ಅವನು ಇಳಿದು ಬಂದು ಬಟ್ಟೆ ತೆಗೆದುಕೊಂಡು ರಿಮ್ಮಿನ ಒಂದು ಬದಿಯನ್ನು ಒರೆಸುತ್ತಾನೆ. ನಾನು ಇನ್ನೊಂದು ಬದಿಯನ್ನು ಒರೆಸುತ್ತೇನೆ. ಚುಕ್ಕೆ ಎಲ್ಲಿ ಏಳಲಿದೆ ಎಂಬುದು ನನಗಿಂತ ಮೊದಲು ಅವನ ಕಣ್ಣಿಗೆ ಬೀಳುತ್ತದೆ.